ದೊಡ್ಡಪ್ಪ ಹಾಕಿದ ಚರ್ಚಿಲ್ ಆಡಿಯೋ

ದೊಡ್ಡಪ್ಪ: 🎧 "1940 ಜೂನ್ 4. ಬ್ರಿಟನ್ ಪ್ರಧಾನಿ ಚರ್ಚಿಲ್ ಅವರ ನೇರ ದನಿ. ರೇಡಿಯೋದಲ್ಲಿ ಇದನ್ನು ಕೇಳಿ ಇಡೀ ಬ್ರಿಟನ್ ಎದ್ದು ನಿಂತಿತು." ಎಲ್ಲರೂ ಪೂರ್ತಿ ಕೇಳಿ. ಈಗಿನ ನಾಯಕರಿಗೆ ಇಂಥ ಮಾತು ಬರುತ್ತದಾ?

ಚಿಕ್ಕಮ್ಮ: ಭಾವ, ಮಾತು ಅವರದೇ, ದನಿಯೂ ಅವರದೇ. ಆದರೆ ಆ ದಿನದ್ದಲ್ಲ. ಅವರು ಮಾತಾಡಿದ್ದು ಪಾರ್ಲಿಮೆಂಟಿನಲ್ಲಿ. ಸಂಜೆ ಬಿಬಿಸಿ ವಾರ್ತೆಯಲ್ಲಿ ಬೇರೆಯವರು ಅದರ ತುಣುಕುಗಳನ್ನು ಓದಿದರು, ಅಷ್ಟೇ. ಈ ಆಡಿಯೋ ರೆಕಾರ್ಡ್ ಆದದ್ದು 1949ರಲ್ಲಿ.

ಅಣ್ಣ: ಅಂದ್ರೆ ಡಬ್ಬಿಂಗ್ 😄

ದೊಡ್ಡಪ್ಪ: ನಗಬೇಡ ಕಣೋ. ಯಾರು ಓದಿದರೇನು? ಜರ್ಮನ್ ಸೇನೆ ಸುತ್ತುವರಿದಿದ್ದ ಫ್ರಾನ್ಸಿನ ಡನ್ಕರ್ಕ್‌ನಿಂದ 3,38,000 ಸೈನಿಕರನ್ನು ಹೇಗೋ ವಾಪಸ್ ತಂದಿದ್ದರು. ತೋಪು, ಲಾರಿ ಎಲ್ಲಾ ಅಲ್ಲೇ ಬಿಟ್ಟು. ಧೈರ್ಯ ಹೇಳುವವರು ಬೇಕಿತ್ತು ಅಲ್ವಾ?

ಚಿಕ್ಕಮ್ಮ: ಹೀಗೆ ವಾಪಸ್ ಬಂದರೆ ಯುದ್ಧ ಗೆದ್ದಂತಲ್ಲ ಎಂದೂ ಅದೇ ಭಾಷಣದಲ್ಲಿ ಹೇಳಿದ್ದರು. ಫಾರ್ವರ್ಡ್‌ಗಳಲ್ಲಿ ಆ ಭಾಗ ಇರುವುದೇ ಇಲ್ಲ. ಮತ್ತೆ ಜನ ಸುಮ್ನೆ ಮಾತು ಕೇಳಿ ತಡೆದುಕೊಂಡರಾ? ಆ ಜನವರಿಯಿಂದಲೇ ಬೆಣ್ಣೆ, ಸಕ್ಕರೆಗೆ ರೇಷನ್. ಜುಲೈನಲ್ಲಿ ಟೀ ಪುಡಿಗೂ ಬಂತು. ಒಬ್ಬರಿಗೆ ವಾರಕ್ಕೆ 2 ಔನ್ಸ್, 60 ಗ್ರಾಂ ಕೂಡ ಇಲ್ಲ. ಸೆಪ್ಟೆಂಬರ್ 7ರಿಂದ ಲಂಡನ್ ಮೇಲೆ ಸತತ 57 ರಾತ್ರಿ ಬಾಂಬ್. ಸುರಂಗ ರೈಲಿನ ಸ್ಟೇಷನ್‌ಗಳಲ್ಲಿ ಮಲಗಲು ಸರ್ಕಾರ ಮೊದಲು ಬಿಡಲಿಲ್ಲ. ಜನ ಟಿಕೆಟ್ ತೆಗೆದುಕೊಂಡು ಒಳಗೆ ಹೋದರು, ಹೊರಗೆ ಬರಲೇ ಇಲ್ಲ! ಕೊನೆಗೆ ಸರ್ಕಾರವೇ ಮಣಿಯಿತು.

ಅತ್ತಿಗೆ: 60 ಗ್ರಾಂನಲ್ಲಿ ವಾರ ಪೂರ್ತಿನಾ? ಮಾವನಿಗೆ ಮಂಗಳವಾರಕ್ಕೇ ಖಾಲಿ.

ದೊಡ್ಡಪ್ಪ: ನನ್ನ ಟೀ ವಿಷಯ ಬಿಡಮ್ಮ. ಜೂನ್ 18ರ ಭಾಷಣವನ್ನು ಅದೇ ಸಂಜೆ ಅವರೇ ರೇಡಿಯೋದಲ್ಲಿ ಓದಿದ್ದಾರೆ. ಅದಕ್ಕೇನು ಹೇಳುತ್ತೀರಿ?

ಚಿಕ್ಕಮ್ಮ: ಓದಿದ್ದು ನಿಜ. ಆದರೆ ದನಿ ಸುಸ್ತಾಗಿದೆ, ಕುಡಿದಿದ್ದಾರೇನೋ ಎಂದವರೂ ಇದ್ದರು. ಜನ ಏನು ಮಾತಾಡಿಕೊಳ್ಳುತ್ತಾರೆ ಎಂದು ಸರ್ಕಾರ ಆಗ ದಿನಾ ವರದಿ ತರಿಸಿಕೊಳ್ಳುತ್ತಿತ್ತು.

ತಂಗಿ: ದೊಡ್ಡಪ್ಪ, 1943ರಲ್ಲಿ ಬಂಗಾಳದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರಲ್ಲ, ಅದೂ ಇದೇ ಯುದ್ಧದಲ್ಲಿ. ಧಾನ್ಯ ತರಲು ಹಡಗು ಕೊಡಿ ಎಂದು ಇಲ್ಲಿಂದ ಎಷ್ಟು ಕೇಳಿದರೂ ಲಂಡನ್ ಬೇಕಾದಷ್ಟು ಕೊಡಲಿಲ್ಲ.

ದೊಡ್ಡಪ್ಪ: ಅದು ಬೇರೆ ವಿಷಯ.

ತಂಗಿ: ಅದೇ ಪ್ರಧಾನಿ, ಅದೇ ಸರ್ಕಾರ. ಬೇರೆ ಹೇಗೆ?

ದೊಡ್ಡಪ್ಪ: ಬಂಗಾಳದ್ದನ್ನು ನಾನು ಸರಿ ಅನ್ನುತ್ತಿಲ್ಲ. ಆದರೆ 1940ರಲ್ಲಿ ಹಿಟ್ಲರ್ ಜೊತೆ ಸಂಧಾನ ಬೇಡ ಎಂದು ಹಟ ಹಿಡಿದದ್ದೂ ಆ ಮನುಷ್ಯನೇ. ಆಡಿಯೋ ಡಿಲೀಟ್ ಮಾಡಲ್ಲ.

ಚಿಕ್ಕಮ್ಮ: ಮಾಡಬೇಡಿ ಭಾವ. 'ನೇರ ದನಿ' ಅನ್ನುವ ಸಾಲು ತೆಗೆದು ಇನ್ನೊಮ್ಮೆ ಹಾಕಿ, ಸಾಕು.