ಅಪ್‌ಡೇಟ್: ಸೆಕೆಂಡ್ ಪಿಯು ಟೈಮ್‌ಟೇಬಲ್ ಕೊನೆಗೂ ಹಳಿಗೆ ಬಂತು

ಮೂರು ವಾರದ ಹಿಂದೆ ಇಲ್ಲಿ ಕೇಳಿದ್ದೆ: ಸೆಕೆಂಡ್ ಪಿಯು ಸೈನ್ಸ್, ಸಂಜೆ ಸಿಇಟಿ ಕೋಚಿಂಗ್, ನೆಲಮಂಗಲದಿಂದ ಬೆಂಗಳೂರಿಗೆ ದಿನಾ ಬಸ್ಸು. ಯಾವ ಟೈಮ್‌ಟೇಬಲ್ ಹಾಕಿದರೂ ಮಂಗಳವಾರಕ್ಕೇ ಹಳ್ಳ ಹಿಡಿಯುತ್ತದೆ, ಏನು ಮಾಡಲಿ ಅಂತ.

ಬೆಳಗಿನ ಜಾವ ನಾಲ್ಕಕ್ಕೆ ಏಳುವ ಸಲಹೆ ನನಗೆ ಆಗಿಬರಲಿಲ್ಲ. ಮೂರೇ ದಿನ. ನಾಲ್ಕನೇ ದಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಪಿಪೆಟ್ ಹಿಡಿದುಕೊಂಡೇ ತೂಕಡಿಸಿದೆ. 25 ನಿಮಿಷ ಓದು, 5 ನಿಮಿಷ ಬಿಡುವು ಅನ್ನುವ ಪೊಮೊಡೊರೊ ಬಯಾಲಜಿಗೆ ಸರಿಹೋಯಿತು. ಗಣಿತದಲ್ಲಿ ಮಾತ್ರ ಲೆಕ್ಕ ಅರ್ಧಕ್ಕೆ ಬಂದಾಗಲೇ ಅಲಾರಂ ಹೊಡೆದುಕೊಳ್ಳುತ್ತಿತ್ತು.

ಕೆಲಸ ಮಾಡಿದ್ದು "ಮೊದಲು ಒಂದು ವಾರ ಏನೇನು ಮಾಡ್ತೀಯೋ ಸುಮ್ನೆ ಬರೆದಿಡು" ಅಂದವರ ಮಾತು. ಮೊಬೈಲೇ ಕಳ್ಳ ಅಂದುಕೊಂಡಿದ್ದೆ. ಅಲ್ಲ! (ಅದೇನೂ ಪೂರ್ತಿ ಸಾಚಾ ಅಲ್ಲ ಬಿಡಿ.) ಜಾಸ್ತಿ ಸೋರುತ್ತಿದ್ದದ್ದು ಕಾಲೇಜಿಗೂ ಕೋಚಿಂಗಿಗೂ ನಡುವಿನ ಒಂದೂವರೆ ಗಂಟೆ. ಕಾಫಿ, ಗೋಬಿ, ಹರಟೆ. ಈಗ ಆ ಹೊತ್ತಿಗೆ ಲೈಬ್ರರಿಯಲ್ಲಿ ಕೂತು ಹಳೇ ಸಿಇಟಿ ಪೇಪರ್ ಬಿಡಿಸುತ್ತೇನೆ. ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಆ ಬಿಡುವಿಗೇ ಅಳತೆ ಮಾಡಿ ಹೊಲಿದ ಹಾಗಿದೆ! ಸೋಮವಾರದಿಂದ ಗುರುವಾರದವರೆಗೆ ದಿನಕ್ಕೊಂದು ವಿಷಯ. ಶುಕ್ರವಾರ ಗೋಬಿಗೇ ಮೀಸಲು.

ಭಾನುವಾರ ಮಧ್ಯಾಹ್ನ ಖಾಲಿ ಬಿಡಿ ಅಂತ ಒಬ್ಬರು ಹೇಳಿದ್ದರಲ್ವಾ, ಅದೂ ಉಪಯೋಗಕ್ಕೆ ಬಂತು. ವಾರದಲ್ಲಿ ತಪ್ಪಿದ್ದೆಲ್ಲ ಅಲ್ಲಿಗೆ ಹೋಗುತ್ತದೆ. ಮೊದಲೆಲ್ಲ ಒಂದು ದಿನ ತಪ್ಪಿದರೆ ಇಡೀ ಪಟ್ಟಿಯನ್ನೇ ಹರಿದು ಹಾಕುತ್ತಿದ್ದೆ. ಹೋದ ವಾರ ಮನೆಯಲ್ಲಿ ಮದುವೆ ಇದ್ದರೂ ಪಟ್ಟಿ ಉಳಿಯಿತು.

ಬಸ್ಸಿನಲ್ಲಿ ಓದುವುದು ಮಾತ್ರ ಆಗಲೇ ಇಲ್ಲ, ವಾಂತಿ ಬಂದ ಹಾಗಾಗುತ್ತದೆ. ಅಲ್ಲಿ ನಿದ್ದೆ ಮಾಡುತ್ತೇನೆ, ಸೀಟು ಸಿಕ್ಕರೆ.