ಪದಚರ್ಚೆ: ‘ನೇಮ್‌ಸೇಕ್’ಗೆ ಕನ್ನಡದಲ್ಲಿ ಏನು? ಸಂಜೆಯೊಳಗೆ ಬೇಕು

ಎಲ್ಲರಿಗೂ ನಮಸ್ಕಾರ.

ಮಕ್ಕಳ ಸಾಮಾನ್ಯಜ್ಞಾನದ ಪುಸ್ತಕವೊಂದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇನೆ. ಹೆಚ್ಚಿನದೆಲ್ಲ ಅಚ್ಚಿಗೆ ಹೋಗಿದೆ. ಉಳಿದಿರುವುದು ಎರಡೇ ಪುಟ, ಎರಡೂ ಒಂದು ಪದಕ್ಕಾಗಿ ಕಾದು ಕುಳಿತಿವೆ. ವಿಷಯ ಸರಳ: ಹೆಸರು ಒಂದೇ, ಕಸುಬು ಬೇರೆ, ಅಂಥ ಪ್ರಸಿದ್ಧರು. ಫ್ರಾನ್ಸಿಸ್ ಬೇಕನ್ ಇಬ್ಬರು: 1561ರಲ್ಲಿ ಹುಟ್ಟಿದ ತತ್ತ್ವಜ್ಞಾನಿ, 1909ರಲ್ಲಿ ಹುಟ್ಟಿದ ಚಿತ್ರಕಾರ. ಸ್ಟೀವ್ ಮೆಕ್ವೀನ್ ಇಬ್ಬರು: ಒಬ್ಬರು ನಟ, ಇನ್ನೊಬ್ಬರು ನಿರ್ದೇಶಕ. ಎಲಿಜಬೆತ್ ಟೇಲರ್ ಇಬ್ಬರು: ಒಬ್ಬರು ನಟಿ, ಇನ್ನೊಬ್ಬರು ಕಾದಂಬರಿಕಾರ್ತಿ. ಮೈಕೆಲ್ ಜೋರ್ಡನ್ ಅಂತೂ ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ಒಬ್ಬ, ಯಂತ್ರಕಲಿಕೆಯ ಪಾಠ ಹೇಳುವ ಪ್ರಾಧ್ಯಾಪಕ ಇನ್ನೊಬ್ಬ.

ಪ್ರತಿ ಚಿತ್ರದ ಕೆಳಗೂ ‘ಇವರ ನೇಮ್‌ಸೇಕ್’ ಎಂಬ ಸಾಲಿದೆ, ಒಟ್ಟು 14 ಕಡೆ. ಮೇಲೆ ಶೀರ್ಷಿಕೆಯೂ ಅದೇ. ಚಿತ್ರದಡಿಯ ಜಾಗ ಕಿರಿದು, ಒಂದೇ ಪದವಾದರೆ ಒಳ್ಳೆಯದು. ಹತ್ತು ವರ್ಷದ ಮಗು ಓದಿದರೆ ತಿಳಿಯಬೇಕು. ಸಂಜೆ ಐದಕ್ಕೆ ಪುಟ ಕಟ್ಟುತ್ತಾರೆ. ದಯವಿಟ್ಟು ಸಹಾಯ ಮಾಡಿ.

– ಅನುವಾದಕಿ

ಮರು: ನೇಮ್‌ಸೇಕ್ (ಬೆಳಿಗ್ಗೆ 9.50)

ಸಮನಾಮಿ. ಇದಕ್ಕೊಂದು ಚರ್ಚೆ ಬೇಕೇ?

ಮರು: ನೇಮ್‌ಸೇಕ್ (ಬೆಳಿಗ್ಗೆ 10.15)

‘ಸಮನಾಮಿ’ ಎಂದು ಒಂದೇ ಸಾಲು ಎಸೆದು ಹೋದವರು ಒಂದು ಕ್ಷಣ ನಿಂತಿದ್ದರೆ ಚೆನ್ನಾಗಿತ್ತು. ಪಾಣಿನಿಯ ಆರನೆಯ ಅಧ್ಯಾಯ, ಮೂರನೆಯ ಪಾದ, 85ನೇ ಸೂತ್ರ ನೋಡಿ. ಜ್ಯೋತಿಸ್, ಜನಪದ, ರಾತ್ರಿ, ನಾಭಿ, ನಾಮ, ಗೋತ್ರ, ರೂಪ, ಸ್ಥಾನ, ವರ್ಣ, ವಯಸ್, ವಚನ, ಬಂಧು – ಇವು ಪರವಾದಾಗ ‘ಸಮಾನ’ಕ್ಕೆ ‘ಸ’ ಆದೇಶ. ಸಗೋತ್ರ ಎನ್ನುತ್ತೇವೆ, ಸರೂಪ ಎನ್ನುತ್ತೇವೆ. ‘ನಾಮ’ ಆ ಪಟ್ಟಿಯಲ್ಲೇ ಇದೆ. ಎರಡೂವರೆ ಸಾವಿರ ವರ್ಷಗಳ ಹಿಂದೆಯೇ ಸಿದ್ಧವಾಗಿಟ್ಟ ಪದ: ಸನಾಮ. ಬಹುವಚನ ಸನಾಮರು. ಮೂರಕ್ಷರ, ಜಾಗದ ತೊಂದರೆಯೂ ತೀರಿತು.

– ನಿವೃತ್ತ ಸಂಸ್ಕೃತ ಮೇಷ್ಟ್ರು

ಮರು: ನೇಮ್‌ಸೇಕ್ (ಬೆಳಿಗ್ಗೆ 10.40)

ಮೇಷ್ಟ್ರೇ, ಕೇಳಿದ್ದು ಕನ್ನಡದ ಪದ.

ಹೆಸರು ನಮ್ಮದು. ಹಳಗನ್ನಡದಲ್ಲಿ ಪೆಸರ್, ತಮಿಳಿನಲ್ಲಿ ಪೆಯರ್, ತೆಲುಗಿನಲ್ಲಿ ಪೇರು. ಮನೆಯಲ್ಲೇ ಇಷ್ಟು ದೊಡ್ಡ ಕುಟುಂಬವಿರುವಾಗ ‘ನಾಮ’ದ ಬಾಗಿಲಿಗೆ ಏಕೆ ಹೋಗಬೇಕು? ಕನ್ನಡದಲ್ಲಿ ‘ನಾಮ’ ಎಂದರೆ ಮೊದಲು ನೆನಪಾಗುವುದು ಹಣೆ, ಆಮೇಲೆ ಮೋಸ. ‘ಸಮನಾಮಿ’ ಎಂದರೆ ಇಬ್ಬರಿಗೂ ಒಂದೇ ಅಳತೆಯಲ್ಲಿ ನಾಮ ಹಾಕಿದ್ದಾರೆ ಎಂದಾಗುತ್ತದೆ. ‘ಸನಾಮ’ ಎಂದರೆ ಮಕ್ಕಳು ಅಂಕಿತನಾಮ, ರೂಢನಾಮ, ಅನ್ವರ್ಥನಾಮಗಳ ಜೊತೆ ಇನ್ನೊಂದು ಬಂತು ಎಂದು ಬಾಯಿಪಾಠ ಮಾಡುತ್ತಾರೆ.

ಒಡಹುಟ್ಟು ಇದೆ, ಒಡನಾಡಿ ಇದೆ. ಹಾಗೆಯೇ ಒಡಹೆಸರು. ಆ ಹೆಸರುಳ್ಳವನು ಒಡಹೆಸರಿಗ, ಕನ್ನಡಿಗ ಇದ್ದ ಹಾಗೆ. ಆಂಡಯ್ಯ ಒಂದಿಡೀ ಕಾವ್ಯವನ್ನೇ ತತ್ಸಮವಿಲ್ಲದೆ ಬರೆದ. ನಮಗೆ ಒಂದು ಪದ ಆಗುವುದಿಲ್ಲವೇ?

– ಅಚ್ಚಗನ್ನಡದವನು

ಮರು: ನೇಮ್‌ಸೇಕ್ (ಬೆಳಿಗ್ಗೆ 11.05)

‘ಒಡ’ ಎಂದರೆ ಕೂಡಿಕೊಂಡು. ಒಡಹುಟ್ಟಿದವರು ಒಂದೇ ಒಡಲಲ್ಲಿ ಹುಟ್ಟಿದರು, ಒಡನಾಡಿಗಳು ಕೂಡಿ ಆಡಿದರು. ಇಬ್ಬರು ಬೇಕನ್‌ಗಳ ನಡುವೆ ಮುನ್ನೂರು ಚಿಲ್ಲರೆ ವರ್ಷಗಳಿವೆ. ಎಲ್ಲಿ ಕೂಡಿದರು?

ಪದ ಬದಿಗಿರಲಿ, ಮೂಲದಲ್ಲಿ ಯಾವ ಅರ್ಥವಿದೆ ಎಂದು ಯಾರೂ ಕೇಳಲಿಲ್ಲ. ಇಂಗ್ಲಿಷಿನ ಈ ಪದಕ್ಕೆ ಎರಡು ಮುಖ. ಆಕಸ್ಮಿಕವಾಗಿ ಹೆಸರು ಕೂಡಿಬಂದವರು ಒಂದು ಬಗೆ, ಒಬ್ಬರ ಹೆಸರನ್ನು ನೋಡಿ ಇನ್ನೊಬ್ಬರಿಗೆ ಇಟ್ಟದ್ದು ಇನ್ನೊಂದು ಬಗೆ. ಮೆಕ್ವೀನ್‌ಗಳು ಮೊದಲನೆಯ ಬಗೆ. ಎರಡನೆಯದಕ್ಕೆ ಜೇಮ್ಸ್ ಬಾಂಡ್ ಇದ್ದಾರೆ, 1900ರಿಂದ 1989ರವರೆಗೆ ಬದುಕಿದ್ದ ಪಕ್ಷಿವಿಜ್ಞಾನಿ. ವೆಸ್ಟ್ ಇಂಡೀಸ್ ಹಕ್ಕಿಗಳ ಬಗ್ಗೆ ಅವರು ಬರೆದ ಕೈಪಿಡಿ ಇಯಾನ್ ಫ್ಲೆಮಿಂಗ್ ಬಳಿ ಇತ್ತು. ಗೂಢಚಾರನಿಗೆ ಸಪ್ಪೆಯಾದ ಹೆಸರೊಂದು ಬೇಕಾಗಿತ್ತು, ಅಲ್ಲಿಂದಲೇ ತೆಗೆದುಕೊಂಡರು. ಈಗ ಅದು ಸಪ್ಪೆ ಎಂದು ಯಾರಿಗೂ ಅನ್ನಿಸುವುದಿಲ್ಲ, ಆ ಮಾತು ಬೇರೆ. ಅವರಿಬ್ಬರ ಸಂಬಂಧ ‘ಸನಾಮ’ವೂ ಅಲ್ಲ, ‘ಒಡಹೆಸರು’ ಕೂಡ ಅಲ್ಲ. ಒಬ್ಬರದು ಇಟ್ಟ ಹೆಸರು, ಇನ್ನೊಬ್ಬನದು ಎತ್ತಿದ ಹೆಸರು.

ತಂಗೀ, ನಿಮ್ಮ 14 ಜಾಗಗಳಲ್ಲಿ ಯಾವ ಅರ್ಥ ಎಲ್ಲಿದೆ, ಮೊದಲು ಅದನ್ನು ನೋಡಿಕೊಳ್ಳಿ.

– ನಿಘಂಟು ಕೆಲಸದವನು

ಮರು: ನೇಮ್‌ಸೇಕ್ (ಮಧ್ಯಾಹ್ನ 12.10)

ಅಣ್ಣಾ, ನೋಡಿದೆ. ಹದಿನಾಲ್ಕೂ ಆಕಸ್ಮಿಕವೇ, ಬಾಂಡ್ ಪುಸ್ತಕದಲ್ಲಿ ಇಲ್ಲ.

ಮೇಷ್ಟ್ರೇ, ಎಲಿಜಬೆತ್ ಟೇಲರ್ ಇಬ್ಬರಿಗೂ ‘ಸನಾಮ’ ಎನ್ನಬಹುದೇ, ಸ್ತ್ರೀಲಿಂಗ ಬೇರೆಯೇ? ಪುಟ ಜೋಡಿಸುವವರು ಫೋನ್ ಮಾಡುತ್ತಿದ್ದಾರೆ. ಜಾಗ ಹಿಡಿಯಲು ಸದ್ಯಕ್ಕೆ ‘ಸನಾಮಿಗಳು’ ಎಂದು ಕಳುಹಿಸಿದ್ದೇನೆ. ‘ಸಮಹೆಸರು’ ಎಂದರೆ ಮಗುವಿಗೆ ಬೇಗ ತಿಳಿಯುತ್ತದೆಯಲ್ಲವೇ?

– ಅನುವಾದಕಿ

ಮರು: ನೇಮ್‌ಸೇಕ್ (ಮಧ್ಯಾಹ್ನ 12.20)

ಸ್ತ್ರೀಲಿಂಗ ಸನಾಮ್ನಿ.

‘ಸಮಹೆಸರು’ ಅರಿಸಮಾಸ. ಕೇಶಿರಾಜ ಓದಿದವರು ಬರೆಯುವ ಪದವಲ್ಲ. ‘ಸನಾಮಿ’ ಎಂದು ನಾನು ಹೇಳಲೂ ಇಲ್ಲ. ಆ ಇಕಾರ ಎಲ್ಲಿಂದ ಬಂತಮ್ಮಾ?

– ಮೇಷ್ಟ್ರು

ಮರು: ನೇಮ್‌ಸೇಕ್ / ಎರವಲಿನ ಬಗ್ಗೆ (ಮಧ್ಯಾಹ್ನ 1.00)

ಇಕಾರ ಬಂದದ್ದು ‘ಬೇನಾಮಿ’ಯಿಂದ. ಅದು ಫಾರಸಿ. ಜನ ನಿಮ್ಮ ಸೂತ್ರ ಕೇಳಿ ಪದ ಕಟ್ಟುವುದಿಲ್ಲ, ಕಿವಿಗೆ ಬಿದ್ದ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಸಂಸ್ಕೃತ ಎರವಲನ್ನು ಎತ್ತಿ ಹಿಡಿಯಲು ಹೋಗಿ ಫಾರಸಿಯ ಹೊಸಿಲಲ್ಲಿ ನಿಂತಿದ್ದೀರಿ. ಸನಾಮ್ನಿಯಂತೆ! ಹತ್ತು ವರ್ಷದ ಮಗುವಿಗೆ!

ಅರಿಸಮಾಸಕ್ಕೆ ಇಷ್ಟು ಹೆದರುವವರು ‘ಮಳೆಗಾಲ’ಕ್ಕೆ ಏನೆನ್ನುತ್ತೀರಿ?

– ಅಚ್ಚಗನ್ನಡದವನು

ಮರು: ಎರವಲಿನ ಬಗ್ಗೆ (ಮಧ್ಯಾಹ್ನ 1.25)

ಪೂರ್ವಕವಿಗಳು ಒಪ್ಪಿದ್ದು ಬೇರೆ, ನಿಮ್ಮ ಕಾರ್ಖಾನೆಯಲ್ಲಿ ನಿನ್ನೆ ತಯಾರಾದದ್ದು ಬೇರೆ.

ಫಾರಸಿಯ ಮಾತೆತ್ತಿದ್ದಕ್ಕೆ ಹೇಳುತ್ತೇನೆ. ಹಿಂದಿ ಉರ್ದುವಿನಲ್ಲಿ ಇದಕ್ಕೆ ‘ಹಮ್‌ನಾಮ್’ ಎನ್ನುತ್ತಾರೆ. ಆ ‘ಹಮ್’ ಬೇರೆ ಯಾರೂ ಅಲ್ಲ, ನಮ್ಮ ‘ಸಮ’ದ ದಾಯಾದಿ, ಅಲ್ಲಿ ಸಕಾರ ಹಕಾರವಾಗಿದೆ. ‘ನಾಮ್’ ಮತ್ತು ‘ನಾಮ’ ಒಂದೇ ಬೇರಿನವು, ಇಂಗ್ಲಿಷಿನ ‘ನೇಮ್’ ಕೂಡ. ಹಾಗಾಗಿ ಸಂಸ್ಕೃತದ ಬಾಗಿಲಿಗೆ ಹೋಗಬೇಡಿ ಎಂದವರು ಯಾವ ಬಾಗಿಲಿಗೆ ಹೋದರೂ ಒಳಗೆ ಅದೇ ಮನೆಯವರು ಕುಳಿತಿರುತ್ತಾರೆ.

ಎರವಲು ಅವಮಾನವಲ್ಲ. ಕನ್ನಡದ ವ್ಯಾಕರಣವನ್ನು ಸಂಸ್ಕೃತ ಸೂತ್ರಗಳಲ್ಲಿ ಬರೆದ ನಾಗವರ್ಮನಿಗೆ ಕನ್ನಡ ಬರುತ್ತಿರಲಿಲ್ಲವೇ?

– ಮೇಷ್ಟ್ರು

ಮರು: ಎರವಲಿನ ಬಗ್ಗೆ (ಮಧ್ಯಾಹ್ನ 1.30)

ಯಾವ ನಾಗವರ್ಮ?

– ನಿಘಂಟು ಕೆಲಸದವನು

ಮರು: ಮತ್ತೆ ನೇಮ್‌ಸೇಕ್ (ಮಧ್ಯಾಹ್ನ 2.15)

ಮೇಲಿನ ಪ್ರಶ್ನೆಗೆ ಯಾರೂ ನಗದೆ ಇದ್ದದ್ದು ನೋಡಿ ಬೇಸರವಾಯಿತು. ಇಡೀ ಚರ್ಚೆಯಲ್ಲಿ ವಿಷಯಕ್ಕೆ ಬಂದ ಮಾತು ಅದೊಂದೇ. ಛಂದೋಂಬುಧಿ, ಕರ್ನಾಟಕ ಕಾದಂಬರಿಗಳ ನಾಗವರ್ಮ ಬೇರೆ. ಕಾವ್ಯಾವಲೋಕನ, ಭಾಷಾಭೂಷಣ, ವಸ್ತುಕೋಶಗಳ ನಾಗವರ್ಮ ಬೇರೆ. ಇಬ್ಬರನ್ನೂ ಒಬ್ಬನೆಂದೇ ಎಣಿಸಿದ್ದ ಕಾಲವೂ ಇತ್ತು. ಅವರನ್ನು ಬಿಡಿಸಿದ್ದು ‘ಸನಾಮ’ ಎಂಬ ಪದವಲ್ಲ. ಒಂದನೆಯ, ಎರಡನೆಯ ಎಂಬ ಎರಡು ಗುಣವಾಚಕಗಳು, ಅಷ್ಟೇ.

ನಾನು ವರ್ಷಗಟ್ಟಲೆ ಪತ್ರಿಕೆಯ ಸುದ್ದಿಮನೆಯಲ್ಲಿ ಪ್ರತಿ ತಿದ್ದಿದವನು. ಒಂದೇ ಹೆಸರಿನ ಗೊಂದಲ ಅಲ್ಲಿ ದಿನವೂ ಇರುತ್ತದೆ, ಆದರೂ ಈ ಪದ ನನಗೆ ಒಮ್ಮೆಯೂ ಬೇಕಾಗಲಿಲ್ಲ. ಕನ್ನಡ ಆ ಸಂಬಂಧಕ್ಕೆ ಹೆಸರಿಡುವುದಿಲ್ಲ, ಹೆಸರಿಗೇ ಏನಾದರೂ ಸೇರಿಸುತ್ತದೆ. ಅರಸರಿಗೆ ಇರ್, ಮೂ, ನಾಲ್‌ಗಳಿಗೆ ‘ಮಡಿ’ ಸೇರಿಸಿ ಇಮ್ಮಡಿ, ಮುಮ್ಮಡಿ, ನಾಲ್ವಡಿ ಎಂದೆವು. ಮುಮ್ಮಡಿ ಕೃಷ್ಣರಾಜ ಒಡೆಯರು 1868ರಲ್ಲಿ ತೀರಿಕೊಂಡರು, ನಾಲ್ವಡಿಯವರು 1884ರಲ್ಲಿ ಹುಟ್ಟಿದರು. ಒಬ್ಬರನ್ನು ಇನ್ನೊಬ್ಬರೆಂದು ತಪ್ಪಾಗಿ ತಿಳಿಯಲು ಆ ಒಂದು ಪದ ಬಿಡುವುದಿಲ್ಲ. ‘ನಾಲ್ವಡಿ’ ಎಂದರೆ ಸಾಕು, ಮುಂದಿನ ಹೆಸರನ್ನೇ ಹೇಳಬೇಕಾಗಿಲ್ಲ. ನಾಗಚಂದ್ರ ತನ್ನನ್ನು ಪಂಪನೆಂದು ಕರೆದುಕೊಳ್ಳುವಾಗ ‘ಅಭಿನವ’ ಸೇರಿಸಿಕೊಂಡ.

ಪಶ್ಚಿಮದವರೂ ಮಾಡಿದ್ದು ಇದನ್ನೇ. ವಿನ್‌ಸ್ಟನ್ ಚರ್ಚಿಲ್ ಎಂಬ ಅಮೆರಿಕದ ಕಾದಂಬರಿಕಾರ 1899ರ ಹೊತ್ತಿಗೆ ಹೆಸರುವಾಸಿ. ಬ್ರಿಟನ್ನಿನ ಚರ್ಚಿಲ್ ಆಗ ಇನ್ನೂ ಕಿರಿಯ, ಬರೆಯಲು ಹೊರಟಿದ್ದ. ಗೊಂದಲವಾಗುತ್ತದೆಂದು ತಾನೇ ಪತ್ರ ಬರೆದು, ಇನ್ನು ಮುಂದೆ ತನ್ನ ಪುಸ್ತಕಗಳ ಮೇಲೆ ನಡುವೆ ‘ಸ್ಪೆನ್ಸರ್’ ಸೇರಿಸುತ್ತೇನೆಂದು ಒಪ್ಪಿಕೊಂಡ. ಮುಂದೆ ಪ್ರಧಾನಿಯಾಗಿ, 1953ರಲ್ಲಿ ಸಾಹಿತ್ಯದ ನೊಬೆಲ್ಲನ್ನೂ ಪಡೆದವನು ಅವನೇ. ಇಂದು ವಿವರಣೆ ಬೇಕಾಗಿರುವುದು ಆ ಕಾದಂಬರಿಕಾರನಿಗೆ. ಜಾಗ ಬಿಟ್ಟುಕೊಟ್ಟವನು ಜಾಗವನ್ನೆಲ್ಲ ಹಿಡಿದ.

ಇನ್ನೂ ಹತ್ತಿರದ್ದು ಬೇಕೆಂದರೆ ವಿಷ್ಣುವರ್ಧನ. ಬೇಲೂರಿನ ಗುಡಿ ಕಟ್ಟಿಸಿದ ಹೊಯ್ಸಳ ದೊರೆ ಒಬ್ಬ, ನಟ ಒಬ್ಬರು, 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಲಿಯಾಂಡರ್ ಪೇಸ್ ಜೊತೆ ಡಬಲ್ಸ್ ಆಡಿದ ಟೆನಿಸ್ ಆಟಗಾರ ಒಬ್ಬರು. ಮೊದಲಿಬ್ಬರಿಗೂ ಅದು ಹುಟ್ಟಿದ ಹೆಸರೇ ಅಲ್ಲ. ದೊರೆ ಬಿಟ್ಟಿದೇವನಾಗಿದ್ದ, ಸಂಪತ್ ಕುಮಾರ್ ಅವರಿಗೆ ಆ ಹೆಸರು ಅಂಟಿದ್ದು 1972ರ ನಾಗರಹಾವು ಚಿತ್ರದಿಂದ. ಇವರನ್ನು ಸನಾಮರೆನ್ನಬೇಕೋ, ಒಡಹೆಸರಿಗರೆನ್ನಬೇಕೋ? ಸುದ್ದಿಮನೆಯಲ್ಲಿ ನಾವು ಬರೆಯುತ್ತಿದ್ದದ್ದು ‘ನಟ ವಿಷ್ಣುವರ್ಧನ್’, ‘ಟೆನಿಸ್ ಆಟಗಾರ ವಿಷ್ಣು ವರ್ಧನ್’. ಓದಿದವರು ಯಾರೂ ದೂರು ಹೇಳಲಿಲ್ಲ.

ತಾಯೀ, ನಿಮ್ಮ ಮೂಲದಲ್ಲಿ ನಾಮಪದವಿದೆ ಎಂದು ಕನ್ನಡದಲ್ಲೂ ನಾಮಪದವೇ ಬೇಕೆಂದು ಹಟ ಹಿಡಿದದ್ದೇ ತೊಡಕು. ಚಿತ್ರದಡಿ ‘ಈ ಬೇಕನ್ ಬೇರೆ’ ಎಂದು ಹಾಕಿ. ‘ಈ ಟೇಲರ್ ಬೇರೆ’. ಲಿಂಗದ ಗೋಜಿಲ್ಲ, ಬಹುವಚನದ ಗೋಜಿಲ್ಲ, ಮಗುವಿಗೆ ಗೊತ್ತಿಲ್ಲದ ಒಂದು ಅಕ್ಷರವೂ ಇಲ್ಲ. ಶೀರ್ಷಿಕೆಯನ್ನಂತೂ ಬೆಳಿಗ್ಗೆ ನೀವೇ ಬರೆದಿದ್ದೀರಿ, ಮೊದಲ ಪತ್ರದ ಮೊದಲ ಪ್ಯಾರಾದಲ್ಲೇ ಇದೆ. ಮೇಲೆ ಹೋಗಿ ಓದಿಕೊಳ್ಳಿ.

– ಹಳೆಯ ಪ್ರತಿ ತಿದ್ದುವವನು

ಮರು: ಮತ್ತೆ ನೇಮ್‌ಸೇಕ್ (ಮಧ್ಯಾಹ್ನ 2.40)

ದೊರೆ ವಿಷ್ಣುವರ್ಧನ, ನಟ ವಿಷ್ಣುವರ್ಧನ್. ಒಂದು ಅಕಾರಾಂತ, ಇನ್ನೊಂದು ಹಲಂತ. ಟೆನಿಸ್ಸಿನವರದು ಎರಡು ಪದ. ಇವು ಒಂದೇ ಹೆಸರೇ ಎಂಬುದು ಮೊದಲು ತೀರ್ಮಾನವಾಗಲಿ.

– ಮೇಷ್ಟ್ರು

ಮರು: ಮತ್ತೆ ನೇಮ್‌ಸೇಕ್ (ಸಂಜೆ 4.20)

ಎಲ್ಲರಿಗೂ ಒಂದು ವರದಿ ಒಪ್ಪಿಸಬೇಕು.

ಮಧ್ಯಾಹ್ನ ಜಾಗ ಹಿಡಿಯಲು ಕಳುಹಿಸಿದ್ದ ‘ಸನಾಮಿಗಳು’ ಪುಟದಲ್ಲಿ ಜೋಡಣೆಯಾಗಿ ಈಗ ನೋಡಲು ಬಂತು. ಅಲ್ಲಿ ಯಾರೋ ಶ್ರದ್ಧೆಯಿಂದ ಕಾಗುಣಿತ ತಿದ್ದಿದ್ದಾರೆ. ದಪ್ಪಕ್ಷರದಲ್ಲಿ ಶೀರ್ಷಿಕೆ: ‘ಜಗತ್ತಿನ ಪ್ರಸಿದ್ಧ ಸುನಾಮಿಗಳು’. ಕೆಳಗೆ ಬಲಗಡೆಗೆ ಮುಖ ತಿರುಗಿಸಿ ಕುಳಿತ ಫ್ರಾನ್ಸಿಸ್ ಬೇಕನ್. ಅವನ ಕತ್ತಿನ ಮಡಿಕೆಪಟ್ಟಿಯ ಕೆಳಗೆ ‘ಇವರ ಸುನಾಮಿ: ಚಿತ್ರಕಾರ’. ಹದಿನಾಲ್ಕು ಕಡೆಯೂ ಹಾಗೆಯೇ, ಒಂದನ್ನೂ ಬಿಟ್ಟಿಲ್ಲ. ತಿದ್ದಿದವರನ್ನು ಬೈಯಲು ಮನಸ್ಸಾಗಲಿಲ್ಲ. 2004ರ ಡಿಸೆಂಬರ್ ಆದಮೇಲೆ ಆ ಪದ ಕನ್ನಡದ ಪ್ರತಿ ಮನೆಗೂ ಗೊತ್ತು, ನನ್ನದು ಯಾರಿಗೂ ಗೊತ್ತಿರಲಿಲ್ಲ.

ಎಲ್ಲವನ್ನೂ ಹೊಡೆದು ಹಾಕಿ ಚಿತ್ರದಡಿ ‘ಈ ಬೇಕನ್ ಬೇರೆ’ ಮಾದರಿಯನ್ನೇ ಬರೆದೆ. ಅಳತೆಗೆ ಸರಿಯಾಗಿ ಕೂತಿತು. ಶೀರ್ಷಿಕೆ: ‘ಹೆಸರು ಒಂದೇ, ಕಸುಬು ಬೇರೆ’. ಪುಟ ಹೋಯಿತು. ಎಲ್ಲರಿಗೂ ವಂದನೆಗಳು.

– ಅನುವಾದಕಿ

ಮರು: ಮತ್ತೆ ನೇಮ್‌ಸೇಕ್ (ಸಂಜೆ 4.35)

ನೋಡಿದಿರಾ ಮೇಷ್ಟ್ರೇ? ‘ಹೆಸರು ಒಂದೇ, ಕಸುಬು ಬೇರೆ’. ನಾಲ್ಕು ಪದ, ನಾಲ್ಕೂ ಅಚ್ಚಗನ್ನಡ. ಕೊನೆಗೆ ಗೆದ್ದದ್ದು ಇದೇ.

– ಅಚ್ಚಗನ್ನಡದವನು

ಮರು: ಮತ್ತೆ ನೇಮ್‌ಸೇಕ್ (ಸಂಜೆ 4.37)

‘ಕಸುಬು’ ಅರಬ್ಬಿ.

– ಮೇಷ್ಟ್ರು