ಅಲಾರಂಗಳ ಪ್ರವಾಹ: ಕೆಲಸವನ್ನು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ

ನಮ್ಮ ಘಟಕದಲ್ಲಿ ಒಂದು ಪಂಪ್ ಟ್ರಿಪ್ ಆದರೆ (ಇದ್ದಕ್ಕಿದ್ದಂತೆ ನಿಂತುಹೋದರೆ) ಸಾಕು, ಹರಿವು, ಒತ್ತಡ, ಮಟ್ಟ ಎಂದು ಒಂದರ ಬೆನ್ನಿಗೊಂದು ಅಲಾರಂ ಬಂದು ಡಿಸಿಎಸ್ (ಘಟಕವನ್ನು ನಿಯಂತ್ರಿಸುವ ಕಂಪ್ಯೂಟರ್ ವ್ಯವಸ್ಥೆ) ಪರದೆಯೇ ತುಂಬಿಹೋಗುತ್ತದೆ. ಆಪರೇಟರ್‌ಗಳು ಓದದೆಯೇ ಎಲ್ಲವನ್ನೂ ಅಕ್ನಾಲೆಜ್ ಮಾಡುತ್ತಾರೆ (ಗಮನಿಸಿದೆವೆಂದು ಗುಂಡಿ ಒತ್ತಿಬಿಡುತ್ತಾರೆ). ಅವರನ್ನು ದೂರುವಂತೆಯೂ ಇಲ್ಲ. ಘಟಕ ಸರಿಯಾಗಿ ನಡೆಯುತ್ತಿರುವಾಗಲೂ ಒಂದು ಟ್ಯಾಂಕಿನ ಮಟ್ಟದ ಅಲಾರಂ ನಿಮಿಷಕ್ಕೆ ಹಲವು ಬಾರಿ ಬಂದು ಹೋಗುತ್ತಿರುತ್ತದೆ. ಮಿತಿಗಳನ್ನು ಸಡಿಲಿಸಬೇಕೇ, ಆದ್ಯತೆಗಳನ್ನು ಬದಲಿಸಬೇಕೇ?

ಉತ್ತರ 1

ಸದ್ಯಕ್ಕೆ ಎರಡನ್ನೂ ಮುಟ್ಟಬೇಡಿ. ಪ್ರತಿ ಅಲಾರಂ ಬಂದಾಗ ಆಪರೇಟರ್ ಏನು ಮಾಡಬೇಕು, ಮಾಡದಿದ್ದರೆ ಏನಾಗುತ್ತದೆ, ಅದಕ್ಕೆ ಎಷ್ಟು ಸಮಯವಿದೆ ಎಂಬ ಮೂರು ಪ್ರಶ್ನೆಗಳನ್ನು ಪ್ರೊಸೆಸ್ ಎಂಜಿನಿಯರ್ ಮತ್ತು ಅನುಭವಿ ಆಪರೇಟರ್ ಒಟ್ಟಿಗೆ ಕುಳಿತು ಕೇಳಿ, ಉತ್ತರಗಳನ್ನು ದಾಖಲಿಸಬೇಕು. ಮೊದಲ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಅದು ಅಲಾರಂ ಅಲ್ಲ, ಬರೀ ಮಾಹಿತಿ, ಅಲಾರಂ ನಿರ್ವಹಣೆಯ ಐಎಸ್ಎ 18.2 ಮತ್ತು ಐಇಸಿ 62682 ಮಾನದಂಡಗಳ ತಿರುಳೂ ಇದೇ. ಸ್ಟ್ಯಾಂಡ್‌ಬೈ (ಬದಲಿಗೆಂದು ಇಟ್ಟಿರುವ) ಪಂಪನ್ನೇ ನೋಡಿ: ಅದು ನಿಂತಿರುವುದರಿಂದ ಡಿಸ್ಚಾರ್ಜ್ (ಹೊರಹರಿವಿನ ಕಡೆಯ) ಒತ್ತಡ ಕಡಿಮೆ ಇರುವುದು ಸಹಜ, ಆದರೂ ಅದರ ಅಲಾರಂ ದಿನವಿಡೀ ಪಟ್ಟಿಯಲ್ಲಿ ಕುಳಿತಿರುತ್ತದೆ. ಪಂಪ್ ಓಡುತ್ತಿರುವಾಗ ಮಾತ್ರ ಅದು ಜಾರಿಯಲ್ಲಿರುವಂತೆ ತರ್ಕ ಬರೆದರೆ ಆ ಕಾಟ ತಪ್ಪುತ್ತದೆ. ಆದ್ಯತೆಯ ಮಾತು ಆಮೇಲೆ. ತುರ್ತಿನವು ಸುಮಾರು ಶೇ. 5, ಮಧ್ಯಮ ಶೇ. 15, ಉಳಿದವು ಕೆಳಮಟ್ಟದವು ಎಂಬುದು ರೂಢಿಯ ಗುರಿ.

ಉತ್ತರ 2

ಟ್ಯಾಂಕಿನ ಕಾಟಕ್ಕೆ ಬಹುಶಃ ಡೆಡ್‌ಬ್ಯಾಂಡ್ (ಅಲಾರಂ ಬರುವ ಮತ್ತು ತೆರವಾಗುವ ಮಟ್ಟಗಳ ನಡುವಿನ ಅಂತರ) ಇಲ್ಲದಿರುವುದೇ ಕಾರಣ. ಮಿತಿ ಶೇ. 80 ಆಗಿದ್ದು ದ್ರವದ ಮೇಲ್ಮೈ ಅದರ ಆಸುಪಾಸಿನಲ್ಲೇ ತುಳುಕುತ್ತಿದ್ದರೆ ಪ್ರತಿ ಅಲೆಗೂ ಒಂದು ಅಲಾರಂ ಬರುತ್ತದೆ. ಶೇ. 5ರ ಡೆಡ್‌ಬ್ಯಾಂಡ್ ಕೊಟ್ಟರೆ, ಮಟ್ಟ ಶೇ. 75ಕ್ಕೆ ಇಳಿಯುವವರೆಗೆ ಅದು ತೆರವಾಗುವುದಿಲ್ಲ, ಹಾಗಾಗಿ ಮತ್ತೆ ಮತ್ತೆ ಬರುವುದೂ ಇಲ್ಲ. ಮಟ್ಟದ ಅಲಾರಂ ಮಿತಿ ದಾಟಿದ 60 ಸೆಕೆಂಡ್ ನಂತರವೇ ಬರುವಂತೆ ವಿಳಂಬವನ್ನೂ ಸೂಚಿಸುವುದುಂಟು, ಆದರೆ ಕ್ರಮ ಕೈಗೊಳ್ಳಲು ಇರುವುದೇ ಎರಡು ನಿಮಿಷವಾದರೆ ಅದರಲ್ಲಿ ಅರ್ಧವನ್ನು ನೀವೇ ಕಸಿದುಕೊಂಡಂತಾಗುತ್ತದೆ.

ಉತ್ತರ 3

ಟ್ರಿಪ್ ಸಂದರ್ಭವನ್ನು ಪ್ರತ್ಯೇಕವಾಗಿಯೇ ನೋಡಬೇಕು. ಒಬ್ಬ ಆಪರೇಟರ್‌ಗೆ 10 ನಿಮಿಷಕ್ಕೆ 10ಕ್ಕಿಂತ ಹೆಚ್ಚು ಅಲಾರಂ ಬಂದರೆ ಅದನ್ನು ಪ್ರವಾಹವೆಂದೇ ಎಣಿಸುತ್ತಾರೆ. 1994ರ ಜುಲೈ 24ರಂದು ವೇಲ್ಸ್‌ನ ಮಿಲ್ಫರ್ಡ್ ಹೇವನ್ ತೈಲ ಶುದ್ಧೀಕರಣಾಗಾರದಲ್ಲಿ ಸ್ಫೋಟಕ್ಕೆ ಮುಂಚಿನ ಸುಮಾರು 11 ನಿಮಿಷಗಳಲ್ಲಿ ಇಬ್ಬರು ಆಪರೇಟರ್‌ಗಳ ಎದುರು 275 ಅಲಾರಂಗಳು ಬಂದಿದ್ದವು. ಅಷ್ಟರ ನಡುವೆ ಮುಖ್ಯವಾದುದನ್ನು ಹೆಕ್ಕುವುದು ಯಾರಿಗೂ ಸಾಧ್ಯವಿರಲಿಲ್ಲ. ಪಂಪ್ ಟ್ರಿಪ್ ಆದಾಗ ಅದರ ಸಹಜ ಪರಿಣಾಮವಾಗಿ ಬರುವ ಅಲಾರಂಗಳನ್ನು ತರ್ಕದ ಮೂಲಕ ತಡೆದು, ಟ್ರಿಪ್‌ನ ಅಲಾರಂ ಹಾಗೂ ಪ್ರತ್ಯೇಕ ಕ್ರಮ ಬೇಡುವಂಥವನ್ನು ಮಾತ್ರ ಉಳಿಸಿ.

ಪ್ರಶ್ನೆ ಕೇಳಿದವರಿಂದ

ಧನ್ಯವಾದಗಳು. ಉಪಕರಣ ಕೆಟ್ಟು ಸುಳ್ಳು ಅಲಾರಂ ಬರುತ್ತಿದ್ದರೆ ಅದನ್ನು ಶೆಲ್ವ್ ಮಾಡುವ (ತಾತ್ಕಾಲಿಕವಾಗಿ ತಡೆಹಿಡಿಯುವ) ಅಧಿಕಾರವನ್ನು ಆಪರೇಟರ್‌ಗೇ ಕೊಡಬಹುದೇ?

ಉತ್ತರ 3

ಕೊಡಬಹುದು, ಆದರೆ ಅವಧಿ ಮುಗಿದೊಡನೆ ಅದು ತಾನಾಗಿಯೇ ಜಾರಿಗೆ ಮರಳುವಂತಿರಬೇಕು, ಶಿಫ್ಟ್ ಬದಲಾಗುವಾಗ ಶೆಲ್ವ್ ಆದವುಗಳ ಪಟ್ಟಿಯನ್ನು ಮುಂದಿನವರಿಗೆ ಒಪ್ಪಿಸಬೇಕು. ಸುರಕ್ಷತೆಗೆ ಸಂಬಂಧಿಸಿದ ಅಲಾರಂಗಳಿಗೆ ಮೇಲಧಿಕಾರಿಯ ಲಿಖಿತ ಅನುಮತಿ ಮತ್ತು ಬದಲಿ ನಿಗಾ ವ್ಯವಸ್ಥೆ ಇಲ್ಲದೆ ಇದಕ್ಕೆ ಅವಕಾಶ ಕೊಡಬೇಡಿ.